ಮರ್ಕ್ಯೂಷಿಯೋಗೆ ಆ ವಿಷಯ ಗೊತ್ತೇ ಇರಲಿಲ್ಲ

ಪ್ರಶ್ನೆ: ಸರ್, ನಮ್ಮ ಹವ್ಯಾಸಿ ತಂಡ ಶೇಕ್ಸ್‌ಪಿಯರ್‌ನ 'ರೋಮಿಯೋ ಮತ್ತು ಜೂಲಿಯೆಟ್' ನಾಟಕವನ್ನು ಕನ್ನಡದಲ್ಲಿ ಆಡುತ್ತಿದೆ. ನನಗೆ ಸಿಕ್ಕಿರುವುದು ರೋಮಿಯೋನ ಗೆಳೆಯ ಮರ್ಕ್ಯೂಷಿಯೋನ ಪಾತ್ರ. ಮಾತುಗಾರ, ಮುಂಗೋಪಿ. ಮೂರನೇ ಅಂಕದಲ್ಲೇ ಸತ್ತುಹೋಗುತ್ತಾನೆ. "ಇಡೀ ದುರಂತಕ್ಕೆ ನಿನ್ನ ಸಿಟ್ಟೇ ಕಾರಣ, ಸಿಟ್ಟು ಜಾಸ್ತಿ ತೋರಿಸು" ಅಂತ ನಿರ್ದೇಶಕರು ಹೇಳುತ್ತಾರೆ. "ಅದು ನಗಿಸೋ ಪಾತ್ರ ಅಷ್ಟೇ, ತಲೆ ಕೆಡಿಸ್ಕೋಬೇಡ" ಅಂತ ತಂಡದ ಉಳಿದವರು. ಯಾರು ಸರಿ?

ಉತ್ತರ: ಇಬ್ಬರೂ ಅರ್ಧ ಸರಿ. ಉಳಿದರ್ಧ ಏನು ಅನ್ನುವುದನ್ನು ನಾನು ಹೇಳುವುದಕ್ಕಿಂತ ನೀವೇ ಹುಡುಕಿದರೆ ಚೆನ್ನ. ನಿಮ್ಮ ಸ್ಕ್ರಿಪ್ಟ್ ತೆಗೆಯಿರಿ. ಮರ್ಕ್ಯೂಷಿಯೋ ಮಾತಾಡುವುದು ನಾಲ್ಕೇ ದೃಶ್ಯಗಳಲ್ಲಿ. ಆ ನಾಲ್ಕು ದೃಶ್ಯಗಳಲ್ಲಿ 'ಜೂಲಿಯೆಟ್' ಎಂಬ ಹೆಸರು ಅವನ ಕಿವಿಗೆ ಎಲ್ಲಿ ಬೀಳುತ್ತದೆ ನೋಡಿ.

ಎಲ್ಲೂ ಬೀಳುವುದಿಲ್ಲ. ಗೆಳೆಯ ಯಾರನ್ನು ಪ್ರೀತಿಸುತ್ತಿದ್ದಾನೆ ಅಂತ ಅವನಿಗೆ ಗೊತ್ತಿಲ್ಲ. ಮದುವೆಯೂ ಆಗಿಬಿಟ್ಟಿದೆ ಅಂತ ಗೊತ್ತಿಲ್ಲ. ಸಾಯುವಾಗಲೂ ಗೊತ್ತಾಗುವುದಿಲ್ಲ. ಅವನ ಲೆಕ್ಕದಲ್ಲಿ ರೋಮಿಯೋ ಇನ್ನೂ ರೋಸಲೀನ್ ಎಂಬ ಹುಡುಗಿಯ ಹಿಂದೆ ಬಿದ್ದು ಕೊರಗುತ್ತಿರುವ ಹುಡುಗ. ನಾನು ಈ ನಾಟಕವನ್ನು ಡಿಗ್ರಿ ಮಕ್ಕಳಿಗೆ ಬಹಳ ವರ್ಷ ಪಾಠ ಮಾಡಿದ್ದೇನೆ. ಮೊದಲ ಕೆಲವು ವರ್ಷ ನಾನೂ ನಿಮ್ಮ ನಿರ್ದೇಶಕರ ಹಾಗೇ "ಸಿಟ್ಟು, ಸಿಟ್ಟು" ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಒಂದು ಮಾತು ಹೇಳಿದ್ರೆ ಅವನು ಸಾಯ್ತಾನೇ ಇರಲಿಲ್ಲ ಅಲ್ವಾ?" ಅಂದ. ಬೋರ್ಡ್ ಒರೆಸಿದೆ.

ನಾಟಕ ಓದದವರೂ ಇದನ್ನು ಓದಬಹುದು, ಅದಕ್ಕೆ ಕಥೆಯ ಗಂಟನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಇಟಲಿಯ ವೆರೋನಾ ಪಟ್ಟಣ. ಮಾಂಟೆಗ್ಯೂ ಮತ್ತು ಕ್ಯಾಪ್ಯುಲೆಟ್ ಎಂಬ ಎರಡು ದೊಡ್ಡ ಮನೆಗಳಿಗೆ ಹಳೇ ಹಗೆ. ರೋಮಿಯೋ ಮಾಂಟೆಗ್ಯೂ ಮನೆಯ ಮಗ, ಜೂಲಿಯೆಟ್ ಕ್ಯಾಪ್ಯುಲೆಟ್ ಮನೆಯ ಮಗಳು. ಭಾನುವಾರ ಬೆಳಗ್ಗೆ ಬೀದಿಜಗಳದಿಂದ ಕಥೆ ಶುರುವಾಗುತ್ತದೆ. ಇನ್ನೊಮ್ಮೆ ಬೀದಿಯಲ್ಲಿ ಹೊಡೆದಾಡಿದರೆ ತಲೆ ಹೋಗುತ್ತದೆ ಎಂದು ಊರಿನ ಪ್ರಭು ಎಸ್ಕಲಸ್ ಆಜ್ಞೆ ಹೊರಡಿಸುತ್ತಾನೆ. ಅದೇ ರಾತ್ರಿ ಕ್ಯಾಪ್ಯುಲೆಟ್ ಮನೆಯ ಔತಣದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಸೋಮವಾರ ಮಧ್ಯಾಹ್ನ ಲಾರೆನ್ಸ್ ಎಂಬ ಸನ್ಯಾಸಿಯ ಕೋಣೆಯಲ್ಲಿ ಗುಟ್ಟಾಗಿ ಮದುವೆ. ಅದಾಗಿ ಒಂದು ಗಂಟೆ ಕಳೆಯುವುದರೊಳಗೆ ಜೂಲಿಯೆಟ್‌ಳ ಅಣ್ಣನ ಸಮಾನನಾದ ಟಿಬಲ್ಟ್ ಬೀದಿಯಲ್ಲಿ ರೋಮಿಯೋನನ್ನು ಕೆಣಕುತ್ತಾನೆ. ಮರ್ಕ್ಯೂಷಿಯೋ ಕತ್ತಿ ಹಿರಿಯುತ್ತಾನೆ, ಸಾಯುತ್ತಾನೆ. ರೋಮಿಯೋ ಟಿಬಲ್ಟ್‌ನನ್ನು ಕೊಂದು ಗಡಿಪಾರಾಗುತ್ತಾನೆ. ಗುರುವಾರ ಬೆಳಗಿನ ಜಾವಕ್ಕೆ ಪ್ರೇಮಿಗಳಿಬ್ಬರೂ ಹೆಣ.

ಈ ಮರ್ಕ್ಯೂಷಿಯೋ ಯಾವ ಮನೆಯವನು? ಅಲ್ಲೇ ಮೊದಲ ಸ್ವಾರಸ್ಯ ಇರುವುದು. ಅವನು ಆ ಮನೆಯವನೂ ಅಲ್ಲ, ಈ ಮನೆಯವನೂ ಅಲ್ಲ. ಪ್ರಭುವಿನ ಬಂಧು. ಕ್ಯಾಪ್ಯುಲೆಟ್‌ನ ಔತಣಕ್ಕೆ ಕರೆಯಬೇಕಾದವರ ಪಟ್ಟಿಯನ್ನು ಆಳೊಬ್ಬ ರೋಮಿಯೋನಿಂದಲೇ ಓದಿಸುತ್ತಾನಲ್ಲ, ಅದರಲ್ಲಿ ಮರ್ಕ್ಯೂಷಿಯೋನ ಹೆಸರಿದೆ, ಅವನ ತಮ್ಮನೋ ಅಣ್ಣನೋ ವ್ಯಾಲಂಟೈನ್‌ನ ಹೆಸರೂ ಇದೆ. ಅಂದರೆ ವೈರಿಯ ಮನೆಗೆ ರೋಮಿಯೋ ಮುಖವಾಡ ಹಾಕಿಕೊಂಡು ಹೋಗಬೇಕು, ಇವನು ಕರೆಸಿಕೊಂಡು ಹೋಗುವವನು. ಎರಡೂ ಕಡೆ ಊಟ ಮಾಡಬಲ್ಲವನು, ದೂರ ನಿಲ್ಲಬೇಕು ಅಂದರೆ ಆರಾಮಾಗಿ ನಿಲ್ಲಬಹುದಿತ್ತು. ಈ ಹಗೆಗೂ ಅವನಿಗೂ ಇರುವ ನಂಟು ಗೆಳೆಯನೊಬ್ಬನೇ.

ಇನ್ನೊಂದು ಸಂಗತಿ ಕೇಳಿ. ಶೇಕ್ಸ್‌ಪಿಯರ್ ಈ ಕಥೆಯನ್ನು ಸ್ವಂತವಾಗಿ ಹೆಣೆದದ್ದಲ್ಲ. 1562ರಲ್ಲಿ ಆರ್ಥರ್ ಬ್ರೂಕ್ ಎಂಬ ಕವಿ ಇಂಗ್ಲಿಷ್‌ನಲ್ಲಿ ಬರೆದ ಉದ್ದನೆಯ ಕಥನಕವನ ಅವನ ಮುಂದಿತ್ತು. ಅದಕ್ಕೂ ಹಿಂದೆ ಇಟಲಿಯಲ್ಲಿ ಇದೇ ಕಥೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂದಿತ್ತು. ಬ್ರೂಕ್‌ನ ಕವನದಲ್ಲಿ ಮರ್ಕ್ಯೂಷಿಯೋ ಬರುವುದು ಔತಣದಲ್ಲಿ ಮಾತ್ರ. ಜೂಲಿಯೆಟ್‌ಳ ಪಕ್ಕ ಕೂತು ಅವಳ ಒಂದು ಕೈ ಹಿಡಿಯುತ್ತಾನೆ. ಅವನ ಕೈ ಹಿಮದಷ್ಟು ತಣ್ಣಗೆ. ಅಷ್ಟೇ ಅವನ ಕೆಲಸ. ಆಮೇಲೆ ಅವನ ಸುದ್ದಿಯೇ ಇಲ್ಲ. ಅಲ್ಲಿ ಟಿಬಲ್ಟ್ ಸಾಯುವ ಬೀದಿಜಗಳದಲ್ಲಿ ಗೆಳೆಯ ಇಲ್ಲವೇ ಇಲ್ಲ. ಜಗಳ ಬಿಡಿಸಲು ಹೋದ ರೋಮಿಯೋ ಮೇಲೆ ಟಿಬಲ್ಟ್ ಬೀಳುತ್ತಾನೆ, ರೋಮಿಯೋ ತನ್ನ ಜೀವ ಉಳಿಸಿಕೊಳ್ಳಲು ಹೊಡೆಯುತ್ತಾನೆ. ಅದೂ ಮದುವೆಯಾಗಿ ಒಂದೆರಡು ತಿಂಗಳು ಸುಖವಾಗಿದ್ದ ಮೇಲೆ.

ಶೇಕ್ಸ್‌ಪಿಯರ್ ಮಾಡಿದ್ದೇನು? ತಣ್ಣನೆ ಕೈಯವನನ್ನು ಹಿಡಿದು ಬಿಸಿರಕ್ತದವನನ್ನಾಗಿ ಮಾಡಿದ. ಒಂದೆರಡು ತಿಂಗಳನ್ನು ಒಂದು ಗಂಟೆಗೆ ಇಳಿಸಿದ. ಆ ಒಂದು ಗಂಟೆಯೊಳಗೆ ಈ ಗೆಳೆಯನನ್ನು ತಂದು ನಿಲ್ಲಿಸಿದ. ಬ್ರೂಕ್‌ನ ರೋಮಿಯೋ ಕೊಲ್ಲುವುದು ತನ್ನನ್ನು ಕಾಪಾಡಿಕೊಳ್ಳಲು. ಶೇಕ್ಸ್‌ಪಿಯರ್‌ನ ರೋಮಿಯೋ ಕೊಲ್ಲುವುದು ಗೆಳೆಯನ ರಕ್ತ ನೋಡಿ. ಹಾಗಾಗಿ "ನಗಿಸೋ ಪಾತ್ರ ಅಷ್ಟೇ" ಅನ್ನುವವರಿಗೆ ಇದನ್ನು ಹೇಳಿ: ಈ ಕಥೆಗೆ ಶೇಕ್ಸ್‌ಪಿಯರ್ ಸೇರಿಸಿದ್ದರಲ್ಲಿ ದೊಡ್ಡದು ಇದೇ ಪಾತ್ರ, ಇದೇ ಸಾವು.

ಈಗ ಸಿಟ್ಟಿನ ವಿಷಯಕ್ಕೆ ಬರೋಣ. ಎರಡನೇ ಅಂಕದ ನಾಲ್ಕನೇ ದೃಶ್ಯವನ್ನು ನಿಧಾನವಾಗಿ ಓದಿ. ಟಿಬಲ್ಟ್ ರೋಮಿಯೋನ ಅಪ್ಪನ ಮನೆಗೆ ಒಂದು ಪತ್ರ ಕಳಿಸಿದ್ದಾನೆ, ಕತ್ತಿ ಕಾಳಗಕ್ಕೆ ಕರೆದು. ಈ ಸುದ್ದಿ ರೋಮಿಯೋನ ಇನ್ನೊಬ್ಬ ಗೆಳೆಯ ಬೆನ್ವೋಲಿಯೋಗೆ ಗೊತ್ತು, ಅವನು ಮರ್ಕ್ಯೂಷಿಯೋಗೆ ಹೇಳುತ್ತಾನೆ. ಮರ್ಕ್ಯೂಷಿಯೋಗೆ ಆಗ ಹೊಳೆಯುವುದು ಏನು? ಅಯ್ಯೋ ಪಾಪ, ರೋಮಿಯೋ ಆಗಲೇ ಸತ್ತಿದ್ದಾನೆ, ಒಂದು ಹುಡುಗಿಯ ಕಪ್ಪು ಕಣ್ಣು ಚುಚ್ಚಿ ಸತ್ತಿದ್ದಾನೆ, ಇಂಥವನು ಟಿಬಲ್ಟ್‌ಗೆ ಎದುರು ನಿಲ್ಲುತ್ತಾನಾ? ತಮಾಷೆಯ ಧಾಟಿಯಲ್ಲೇ ಹೇಳುತ್ತಾನೆ. ಆದರೆ ಅದು ದಿಗಿಲು. ಆಮೇಲೆ ಟಿಬಲ್ಟ್‌ನ ಕತ್ತಿವರಸೆಯನ್ನು ಅಣಕಿಸುತ್ತಾನೆ: ಬೆಕ್ಕುಗಳ ರಾಜ (ಹಳೇ ಕಥೆಯೊಂದರಲ್ಲಿ ಬೆಕ್ಕಿಗೆ ಟಿಬಲ್ಟ್‌ನದೇ ಹೆಸರು), ತಾಳ ಹಾಕಿಕೊಂಡು ಹೊಡೆದಾಡುವವನು, ರೇಷ್ಮೆ ಗುಂಡಿಯನ್ನು ಗುರಿ ನೋಡಿ ಕಡಿಯುವ ಕಟುಕ. (1590ರ ದಶಕದಲ್ಲಿ ಇಟಲಿಯ ಕತ್ತಿವರಸೆ ಲಂಡನ್ನಿನ ಹುಡುಗರಿಗೆ ದೊಡ್ಡ ಫ್ಯಾಷನ್. ಅದನ್ನು ಕಲಿಸುವ ಪುಸ್ತಕಗಳೂ ಅಚ್ಚಾಗುತ್ತಿದ್ದವು. ಹಳೇ ಇಂಗ್ಲಿಷ್ ಗರಡಿಯವರಿಗೆ ಅದು ಕಂಡರಾಗುತ್ತಿರಲಿಲ್ಲ.) ಅಣಕಿಸುತ್ತಿದ್ದಾನೆ ನಿಜ. ಆದರೆ ಟಿಬಲ್ಟ್ ಎಂಥ ಆಟಗಾರ ಅನ್ನುವುದು ಇವನಿಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ರೋಮಿಯೋ ಬರುತ್ತಾನೆ. ಈಗ ಗಮನಿಸಿ. ಇಬ್ಬರು ಗೆಳೆಯರೂ ಆ ಪತ್ರದ ವಿಷಯ ಅವನಿಗೆ ಹೇಳುವುದಿಲ್ಲ! ರಾತ್ರಿ ಎಲ್ಲಿ ತಪ್ಪಿಸಿಕೊಂಡೆ ಅಂತ ಕಾಲೆಳೆಯುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ, ಪತ್ರ ಮರೆತೇಹೋಗುತ್ತದೆ. ರೋಮಿಯೋನೂ ತನ್ನ ಸುದ್ದಿ ಹೇಳುವುದಿಲ್ಲ. ಅವನ ಹೊಟ್ಟೆಯೊಳಗೆ ಮದುವೆಯ ಖುಷಿ, ಆ ಖುಷಿಗೆ ಜೋಕಿನ ಮೇಲೆ ಜೋಕು ಹೊಡೆಯುತ್ತಾನೆ. ಮರ್ಕ್ಯೂಷಿಯೋಗೆ ಆಗುವ ಸಂತೋಷ ನೋಡಬೇಕು. ಪ್ರೀತಿ ಅಂತ ನರಳುವುದಕ್ಕಿಂತ ಇದು ಚೆನ್ನಾಗಿಲ್ವಾ, ಈಗ ನೀನು ನಮ್ಮ ರೋಮಿಯೋ ಅಂತಾನೆ. ಗೆಳೆಯ ವಾಸಿಯಾದ ಅಂದುಕೊಂಡಿದ್ದಾನೆ ಪಾಪ. ಗೆಳೆಯ ಬೇರೆಯದೇ ಕಾರಣಕ್ಕೆ ನಗುತ್ತಿದ್ದಾನೆ.

ಎರಡು ಗುಟ್ಟು, ಇಬ್ಬರು ಗೆಳೆಯರು, ಒಂದೇ ಬೀದಿ. ಇದಾಗಿ ಕೆಲವೇ ಗಂಟೆಗೆ ಒಬ್ಬ ಸಾಯುತ್ತಾನೆ. ನನ್ನ ಪ್ರಕಾರ ದುರಂತ ಶುರುವಾಗುವುದು ಕತ್ತಿ ಹಿರಿದಾಗ ಅಲ್ಲ, ಈ ನಗುವಿನ ದೃಶ್ಯದಲ್ಲೇ.

ಮೂರನೇ ಅಂಕದ ಮೊದಲ ದೃಶ್ಯ. ಮಧ್ಯಾಹ್ನ, ಸುಡುಬಿಸಿಲು. ಬಿಸಿಲು ಜೋರಾಗಿದೆ, ಕ್ಯಾಪ್ಯುಲೆಟ್ ಕಡೆಯವರು ಓಡಾಡುತ್ತಿದ್ದಾರೆ, ಮನೆಗೆ ಹೋಗೋಣ ಬಾ ಅಂತ ಬೆನ್ವೋಲಿಯೋ ಕರೆಯುತ್ತಾನೆ. ಮರ್ಕ್ಯೂಷಿಯೋ ಅವನಿಗೇ ತಿರುಗಿಬೀಳುತ್ತಾನೆ: ನೀನೇನು ಕಡಿಮೆ ಜಗಳಗಂಟನಾ? ಗಡ್ಡದಲ್ಲಿ ಒಂದು ಕೂದಲು ಜಾಸ್ತಿ ಇದೆ ಅಂತ ಜಗಳ ಆಡ್ತೀಯ. ಬೀದೀಲಿ ಯಾರೋ ಕೆಮ್ಮಿ ನಿನ್ನ ನಾಯಿಯ ನಿದ್ದೆ ಕೆಡಿಸಿದ ಅಂತ ಜಗಳ ಆಡ್ತೀಯ. ಹೊಸ ಬೂಟಿಗೆ ಹಳೇ ದಾರ ಕಟ್ಟಿದ ಅಂತ ಜಗಳ ಆಡ್ತೀಯ. ನಾಟಕದಲ್ಲಿ ಬೆನ್ವೋಲಿಯೋನಷ್ಟು ಸಾಧು ಇನ್ನೊಬ್ಬನಿಲ್ಲ. ಮರ್ಕ್ಯೂಷಿಯೋ ಕನ್ನಡಿ ನೋಡಿಕೊಂಡು ಮಾತಾಡುತ್ತಿದ್ದಾನೆ. ಇದು ಪ್ರೇಕ್ಷಕರಿಗೆ ಹೊಳೆಯಬೇಕು, ಅವನಿಗೆ ಹೊಳೆಯಬಾರದು.

ಟಿಬಲ್ಟ್ ಬರುತ್ತಾನೆ. ರೋಮಿಯೋ ಜೊತೆ ಸೇರಿಕೊಂಡಿದ್ದೀಯ ಎಂಬ ಅರ್ಥದಲ್ಲಿ ಒಂದು ಪದ ಬಳಸುತ್ತಾನೆ. ಇಂಗ್ಲಿಷ್‌ನಲ್ಲಿ ಆ ಪದಕ್ಕೆ ವಾದ್ಯಗಾರರ ತಂಡ ಎಂಬ ಅರ್ಥವೂ ಇದೆ. ಮರ್ಕ್ಯೂಷಿಯೋ ಅದನ್ನೇ ಹಿಡಿದು ಜಗಳಕ್ಕೆ ನಿಲ್ಲುತ್ತಾನೆ. ನಿಮ್ಮ ಅನುವಾದದಲ್ಲಿ ಇದನ್ನು ಹೇಗೆ ಮಾಡಿದ್ದಾರೋ ನೋಡಿ. ಕನ್ನಡದಲ್ಲಿ 'ಮೇಳ' ಅನ್ನುವ ಮಾತು ಕೈಕಟ್ಟಿಕೊಂಡು ಕಾಯುತ್ತಿದೆ. "ರೋಮಿಯೋ ಜೊತೆ ಮೇಳ ಕಟ್ಟಿಕೊಂಡಿದ್ದೀಯ." "ಮೇಳವಾ? ನಾವೇನು ವಾದ್ಯದವರಾ? ತಗೋ, ಇದು ನನ್ನ ಪಿಟೀಲಿನ ಕಮಾನು." ಹೀಗೆ ಹೇಳುತ್ತಾ ಕತ್ತಿಯ ಮೇಲೆ ಕೈ ಇಡಿ. ಊರಿನವರು ನೋಡುತ್ತಿದ್ದಾರೆ, ಆಚೆ ಹೋಗಿ ಮಾತಾಡಿ ಅಂತ ಬೆನ್ವೋಲಿಯೋ ಬೇಡಿಕೊಳ್ಳುತ್ತಾನೆ. ಕಣ್ಣಿರುವುದೇ ನೋಡುವುದಕ್ಕೆ, ನೋಡಲಿ ಬಿಡು, ನಾನು ಯಾರಿಗೋಸ್ಕರವೂ ಜಾಗ ಬಿಡಲ್ಲ ಅಂತಾನೆ ಮರ್ಕ್ಯೂಷಿಯೋ. ಇಲ್ಲಿಯವರೆಗೆ ನಿಮ್ಮ ನಿರ್ದೇಶಕರ ಮಾತು ಸರಿ. ಇದು ಬರೀ ಸಿಟ್ಟು, ಬರೀ ಬಿಸಿಲು.

ಆದರೆ ಇಲ್ಲಿಯವರೆಗೆ ಕತ್ತಿ ಒರೆಯಲ್ಲೇ ಇದೆ. ಇದನ್ನು ಮರೆಯಬೇಡಿ. ಮಾತಿನ ಮಲ್ಲ ಮಾತಲ್ಲೇ ಹೊಡೆದಾಡುತ್ತಿದ್ದಾನೆ. ಕತ್ತಿ ಹೊರಗೆ ಬರುವುದು ರೋಮಿಯೋ ಬಂದ ಮೇಲೆ.

ರೋಮಿಯೋ ಮದುವೆ ಮುಗಿಸಿ ನೇರ ಇಲ್ಲಿಗೆ ಬಂದಿದ್ದಾನೆ. ಟಿಬಲ್ಟ್ ಅವನನ್ನು ನೀಚ ಅಂತ ಮುಖದ ಮೇಲೆ ಬಯ್ಯುತ್ತಾನೆ. ರೋಮಿಯೋ ಏನನ್ನುತ್ತಾನೆ? ನಿನ್ನನ್ನು ಪ್ರೀತಿಸಲು ನನಗೆ ಕಾರಣ ಇದೆ, ಕ್ಯಾಪ್ಯುಲೆಟ್ ಎಂಬ ಹೆಸರು ನನಗೆ ನನ್ನ ಹೆಸರಿನಷ್ಟೇ ಪ್ರಿಯ. ನಮಗೆ ಇದು ಅರ್ಥವಾಗುತ್ತದೆ. ಟಿಬಲ್ಟ್ ಈಗ ಅವನ ಭಾವಮೈದ. ಮರ್ಕ್ಯೂಷಿಯೋನ ಕಿವಿಯಲ್ಲಿ ಇದನ್ನು ಕೇಳಿಸಿಕೊಳ್ಳಿ. ನಿನ್ನೆಯವರೆಗೆ ಕ್ಯಾಪ್ಯುಲೆಟ್ ಅಂದರೆ ಹಗೆ. ಈಗ ಬೀದಿ ತುಂಬ ಜನ ನಿಂತು ನೋಡುವಾಗ ಗೆಳೆಯ ಆ ಹೆಸರಿಗೆ ಕೈ ಮುಗಿಯುತ್ತಿದ್ದಾನೆ. ಇದಕ್ಕೆ ಹೆದರಿಕೆ ಅನ್ನುವ ಅರ್ಥ ಬಿಟ್ಟು ಬೇರೆ ಅರ್ಥ ಅವನಿಗೆ ಹೇಗೆ ತಾನೇ ಹೊಳೆಯಬೇಕು? ಬೆಳಗ್ಗೆ ಅವನು ಹೆದರಿದ್ದು ಇದಕ್ಕೇ ಅಲ್ವಾ, ಪ್ರೀತಿಯ ಹುಚ್ಚಿನಲ್ಲಿ ಇವನು ಟಿಬಲ್ಟ್ ಎದುರು ನಿಲ್ಲಲಾರ ಅಂತ?

ಗೆಳೆಯನ ಮಾನ ಬೀದಿಯಲ್ಲಿ ಬಿದ್ದಿದೆ, ಎತ್ತಿಕೊಳ್ಳಲು ಅವನು ಬಗ್ಗುತ್ತಿಲ್ಲ. ಹಾಗಾದರೆ ನಾನು ಬಗ್ಗುತ್ತೇನೆ. ಥೂ, ಇದೆಂಥ ಹೇಡಿತನದ ಶರಣಾಗತಿ ಅನ್ನುತ್ತಾ ಕತ್ತಿ ಹಿರಿಯುತ್ತಾನೆ. ಇಲಿ ಹಿಡಿಯೋನೇ ಬಾ, ನಿನ್ನ ಒಂಬತ್ತು ಜೀವದಲ್ಲಿ ಒಂದು ಕೊಡು ಅಂತ ಟಿಬಲ್ಟ್‌ನನ್ನು ಕರೆಯುತ್ತಾನೆ. ಪತ್ರ ಬಂದದ್ದು ರೋಮಿಯೋಗೆ. ಜವಾಬು ಕೊಟ್ಟವನು ಇವನು.

ಇಲ್ಲಿ ನೀವು ಆಡಬೇಕಾದ್ದು ಅವಮಾನದ ಉರಿ. ತನಗಾದ ಅವಮಾನ ಅಲ್ಲ, ಗೆಳೆಯನಿಗಾದದ್ದು. ಆ ಉರಿ ಟಿಬಲ್ಟ್ ಮೇಲೆ ಎಷ್ಟಿದೆಯೋ ರೋಮಿಯೋ ಮೇಲೂ ಅಷ್ಟೇ ಇದೆ. ತಾಲೀಮಿನಲ್ಲಿ ಒಮ್ಮೆ ಹೀಗೆ ಮಾಡಿ ನೋಡಿ: "ಶರಣಾಗತಿ" ಎಂಬ ಮಾತನ್ನು ಟಿಬಲ್ಟ್ ಕಡೆ ನೋಡದೆ ರೋಮಿಯೋನ ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ಅವನು ಮುಖ ತಿರುಗಿಸಲಿ. ಆಗ ಕತ್ತಿ ಎಳೆಯಿರಿ. ನಿರ್ದೇಶಕರಿಗೆ ಬೇಕಾದ ಸಿಟ್ಟು ತಾನೇ ಬರುತ್ತದೆ.

ಮುಂದಿನದು ಗೊತ್ತೇ ಇದೆ. ರೋಮಿಯೋ ಜಗಳ ಬಿಡಿಸಲು ನಡುವೆ ನುಗ್ಗುತ್ತಾನೆ. ಟಿಬಲ್ಟ್ ಅವನ ತೋಳಿನ ಕೆಳಗಿಂದ ತೂರಿಸಿ ಚುಚ್ಚಿ ಓಡಿಹೋಗುತ್ತಾನೆ. ಈ ರಂಗಸೂಚನೆ 1597ರಲ್ಲಿ ಅಚ್ಚಾದ ಮೊದಲ ಪ್ರತಿಯಲ್ಲಿ ಸ್ಪಷ್ಟವಾಗಿದೆ. ಎರಡು ವರ್ಷದ ನಂತರ ಬಂದ ದೊಡ್ಡ ಪ್ರತಿಯಲ್ಲಿ ಅದಿಲ್ಲ. ಆದರೆ ಮರ್ಕ್ಯೂಷಿಯೋ ಬಾಯಲ್ಲೇ ಬರುತ್ತದೆ: ನೀನ್ಯಾಕೆ ಮಧ್ಯ ಬಂದೆ? ನಿನ್ನ ತೋಳಿನ ಕೆಳಗೆ ನನಗೆ ಏಟು ಬಿತ್ತು. ರೋಮಿಯೋನ ಉತ್ತರ ನಾಟಕದಲ್ಲೇ ಅತ್ಯಂತ ಪಾಪದ ಮಾತು: ಒಳ್ಳೆಯದಕ್ಕೇ ಅಂತ ಮಾಡಿದೆ. ಇಬ್ಬರೂ ಮಾಡಿದ್ದು ಒಳ್ಳೆಯದಕ್ಕೇ. ಒಬ್ಬ ಗೆಳೆಯನ ಮಾನ ಉಳಿಸಲು ಹೋದ, ಒಬ್ಬ ಗೆಳೆಯನ ಜೀವ ಉಳಿಸಲು ಹೋದ. ಎರಡೂ ಒಂದೇ ಕ್ಷಣಕ್ಕೆ ಆಗಿ, ನಡುವೆ ಒಂದು ತೋಳಿನ ಸಂದಿ ಬಿಟ್ಟಿತು.

ಸಾಯುವ ಹೊತ್ತಿನ ಮಾತುಗಳಿಗೆ ಬರುತ್ತೇನೆ. ಇದನ್ನು ಹಾಳು ಮಾಡಿದ ನಟರೇ ಜಾಸ್ತಿ. ಮೊದಲಿಗೆ ಅವನು "ಒಂದು ಗೀರು, ಬರೀ ಗೀರು" ಅಂತಾನೆ. ಗೆಳೆಯರು ಎಂದಿನಂತೆ ತಮಾಷೆ ಅಂದುಕೊಳ್ಳುತ್ತಾರೆ. ಗಾಯ ಬಾವಿಯಷ್ಟು ಆಳ ಇಲ್ಲ, ಚರ್ಚಿನ ಬಾಗಿಲಷ್ಟು ಅಗಲ ಇಲ್ಲ, ಆದರೆ ಸಾಕು. ಆಮೇಲೆ ಇಂಗ್ಲಿಷ್‌ನ 'ಗ್ರೇವ್' ಪದದ ಮೇಲೆ ಆ ಪ್ರಸಿದ್ಧ ಶ್ಲೇಷೆ. ನಾಳೆ ಬಂದು ಕೇಳಿ, ನಾನು ಗಂಭೀರ ಮನುಷ್ಯನಾಗಿರುತ್ತೇನೆ ಎಂಬ ಅರ್ಥ ಒಂದು, ಗೋರಿಯಲ್ಲಿರುತ್ತೇನೆ ಎಂಬುದು ಇನ್ನೊಂದು. ಕನ್ನಡದಲ್ಲಿ ಗಂಭೀರ–ಗೋರಿ ಅಂತ ತಿಣುಕಾಡುವುದನ್ನು ನೋಡಿದ್ದೇನೆ, ಕೆಲಸ ಮಾಡುವುದಿಲ್ಲ. ನಾನಾಗಿದ್ದರೆ ಹೀಗೆ ಹೇಳಿಸುತ್ತಿದ್ದೆ: "ನಾಳೆ ಬಂದು ವಿಚಾರಿಸಿ. ಪೂರ್ತಿ ತಣ್ಣಗಾಗಿರ್ತೀನಿ." ಸಿಟ್ಟಿನವನು ತಣ್ಣಗಾಗುವುದು ಅಂದರೆ ನಮ್ಮಲ್ಲಿ ಎರಡು ಅರ್ಥ ತಾನೇ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೂ ಕೂಡುತ್ತದೆ. ಬ್ರೂಕ್‌ನ ಆ ತಣ್ಣನೆ ಕೈ ಕೂಡ ನನಗೆ ನೆನಪಾಗುತ್ತದೆ, ಪ್ರೇಕ್ಷಕರಿಗೆ ಅದು ಬೇಕಿಲ್ಲ ಬಿಡಿ.

ನಡುವೆ ಮೂರು ಸಲ ಅದೇ ಶಾಪ: ನಿಮ್ಮ ಎರಡೂ ಮನೆಗೆ ಮಾರಿ ಬಡಿಯಲಿ! ಮೂಲದಲ್ಲಿ ಇರುವುದು ಪ್ಲೇಗು. ಆ ಕಾಲದ ಲಂಡನ್ನಿನವರಿಗೆ ಅದು ಬರೀ ಬೈಗುಳ ಆಗಿರಲಿಲ್ಲ. ಪ್ಲೇಗಿನಿಂದಾಗಿ 1592ರ ಬೇಸಿಗೆಯಿಂದ 1594ರವರೆಗೆ ನಾಟಕಶಾಲೆಗಳು ಹೆಚ್ಚುಕಮ್ಮಿ ಮುಚ್ಚಿಯೇ ಇದ್ದವು. ನಮಗೂ ಆ ನೆನಪು ಹೊಸದಲ್ಲ. 1898ರ ಪ್ಲೇಗು ಬೆಂಗಳೂರನ್ನು ಹೇಗೆ ಖಾಲಿ ಮಾಡಿತು ಅಂತ ಅಜ್ಜಿಯಂದಿರ ಬಾಯಲ್ಲಿ ಕೇಳಿದವರು ಈಗಲೂ ಇದ್ದಾರೆ. 'ಪ್ಲೇಗು' ಅಂದರೂ ಸರಿ, 'ಮಾರಿ' ಅಂದರೂ ಸರಿ, ಯಾವುದಾದರೂ ಒಂದನ್ನೇ ಹಿಡಿಯಿರಿ. ಯಾಕೆ ಅಂದರೆ ಐದನೇ ಅಂಕದಲ್ಲಿ ಆ ಪದ ವಾಪಸ್ ಬರುತ್ತದೆ. ಜೂಲಿಯೆಟ್ ನಿಜವಾಗಿ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಎಂಬ ಪತ್ರ ಹಿಡಿದು ಇನ್ನೊಬ್ಬ ಸನ್ಯಾಸಿ, ಗಡಿಪಾರಾದ ರೋಮಿಯೋ ಇರುವ ಮಾಂಟುವಾ ಊರಿಗೆ ಹೊರಟಿರುತ್ತಾನೆ. ಪ್ಲೇಗು ತಗುಲಿದ ಮನೆಯಲ್ಲಿ ಇದ್ದ ಎಂಬ ಅನುಮಾನಕ್ಕೆ ಅವನನ್ನು ಒಳಗೆ ಕೂಡಿ ಬಾಗಿಲಿಗೆ ಮುದ್ರೆ ಹಾಕುತ್ತಾರೆ. ಪತ್ರ ತಲುಪುವುದಿಲ್ಲ. ಸಾಯುವವನ ಶಾಪ ಅಕ್ಷರಶಃ ಬಂದು ಕೂರುತ್ತದೆ. ನಿಮ್ಮ ಶಾಪದಲ್ಲಿ 'ಮಾರಿ' ಅಂತ ಇದ್ದು ಅಲ್ಲಿ 'ಸಾಂಕ್ರಾಮಿಕ ರೋಗ' ಅಂತ ಇದ್ದರೆ ಆ ಕೊಂಡಿ ಕಳಚಿಹೋಗುತ್ತದೆ. ಅನುವಾದಕರಿಗೆ ಇವತ್ತೇ ಫೋನ್ ಮಾಡಿ.

ಅಂದ ಹಾಗೆ, ಶಾಪ "ಎರಡೂ ಮನೆಗೆ". ರೋಮಿಯೋನ ಮನೆಯೂ ಸೇರಿತು. ಗೆಳೆಯನಿಗಾಗಿ ಕತ್ತಿ ಹಿಡಿದವನು ಸಾಯುವಾಗ ಗೆಳೆಯನ ಮನೆಯನ್ನೂ ಬಿಡಲಿಲ್ಲ. ಎರಡೂ ಮನೆಯಿಂದ ಹೊರಗಿದ್ದವನು ಕೊನೆಗೆ ಮತ್ತೆ ಹೊರಗೇ ಹೋಗಿ ನಿಂತ.

ಇಲ್ಲಿಂದ ಮುಂದೆ ಎಲ್ಲ ಇಳಿಜಾರು. ರೋಮಿಯೋ ಟಿಬಲ್ಟ್‌ನನ್ನು ಕೊಲ್ಲುತ್ತಾನೆ. ಪ್ರಭು ಬಂದು ವಿಚಾರಣೆ ಮಾಡುವಾಗ ಬೆನ್ವೋಲಿಯೋ ಸಾಕ್ಷಿ ಹೇಳುತ್ತಾನೆ, ಹೇಳುವಾಗ ಒಂದು ಸಣ್ಣ ವಿಷಯ ನುಂಗುತ್ತಾನೆ: ಮೊದಲು ಕತ್ತಿ ಹಿರಿದದ್ದು ಮರ್ಕ್ಯೂಷಿಯೋ ಎಂಬುದನ್ನು. ಟಿಬಲ್ಟ್‌ನೇ ಮೇಲೆ ಬಿದ್ದ ಅನ್ನುವ ಹಾಗೆ ಕಥೆ ಕಟ್ಟುತ್ತಾನೆ. ಸಾಧು ಗೆಳೆಯ ಕೂಡ ಗೆಳೆತನಕ್ಕೆ ಸುಳ್ಳು ಹೇಳುತ್ತಾನೆ ನೋಡಿ. ಆಮೇಲೆ ಬೆನ್ವೋಲಿಯೋ ನಾಟಕದಿಂದಲೇ ಕಾಣೆ. ಪ್ರಭು ತನ್ನ ಆಜ್ಞೆಯ ಪ್ರಕಾರ ರೋಮಿಯೋನ ತಲೆ ತೆಗೆಯಬೇಕಿತ್ತು. ಆದರೆ ಸತ್ತವರಲ್ಲಿ ಒಬ್ಬ ತನ್ನದೇ ರಕ್ತ, ರೋಮಿಯೋ ಕೊಂದದ್ದು ಅವನನ್ನು ಕೊಂದವನನ್ನು. ಶಿಕ್ಷೆ ಗಡಿಪಾರಿಗೆ ಇಳಿಯಿತು. ತಲೆ ಉಳಿಯಿತು, ಆದರೆ ರೋಮಿಯೋ ಊರಿನಿಂದ ಹೊರಗೆ. ಇತ್ತ ಟಿಬಲ್ಟ್‌ನ ಸಾವಿನಿಂದ ಕ್ಯಾಪ್ಯುಲೆಟ್ ಮನೆ ಅಲುಗಾಡಿತು. ಅಪ್ಪ ದಿಢೀರನೆ ಜೂಲಿಯೆಟ್‌ಳನ್ನು ಪ್ರಭುವಿನ ಇನ್ನೊಬ್ಬ ಬಂಧು ಪ್ಯಾರಿಸ್ ಎಂಬ ತರುಣನಿಗೆ ಕೊಡಲು ಗುರುವಾರಕ್ಕೆ ಮದುವೆ ಗೊತ್ತುಮಾಡಿದ, ಆಮೇಲೆ ಅದನ್ನೂ ಬುಧವಾರಕ್ಕೆ ಎಳೆದ. ಆ ಅವಸರಕ್ಕೇ ಮದ್ದು, ಮದ್ದಿಗೆ ಪತ್ರ, ಪತ್ರಕ್ಕೆ ಮಾರಿ.

ಹಾಗಾದರೆ ಎಲ್ಲಕ್ಕೂ ಅವನ ಸಿಟ್ಟೇ ಕಾರಣ ಅನ್ನಬಹುದಾ? ನಾನು ಅನ್ನುವುದಿಲ್ಲ. ಸಿಟ್ಟೇ ಕಾರಣ ಆಗಿದ್ದರೆ ಟಿಬಲ್ಟ್ ಒಬ್ಬನೇ ಸಾಕಿತ್ತು. ಅವನೂ ಮುಂಗೋಪಿ, ಅವನೂ ತನ್ನವರಿಗೆ ನಿಷ್ಠ. ಔತಣದಲ್ಲಿ ಅವನು ಕತ್ತಿ ಕೇಳಿದಾಗ ಮನೆಯ ಯಜಮಾನನೇ ಗದರಿ ಸುಮ್ಮನಾಗಿಸಿದ್ದ. ಯಾರೂ ಕೇಳದ ಮಾನವನ್ನು ಕಾಯಲು ಹೊರಟ ಇಬ್ಬರು ಎದುರುಬದುರಾದರು, ಅಷ್ಟೇ. ವ್ಯತ್ಯಾಸ ಏನೆಂದರೆ ಮರ್ಕ್ಯೂಷಿಯೋಗೆ ಯಾರ ಮೇಲೂ ಹಗೆ ಇರಲಿಲ್ಲ. ಮದುವೆಯ ಸುದ್ದಿ ಒಂದು ಮಾತು ಅವನ ಕಿವಿಗೆ ಬಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಟಿಬಲ್ಟ್‌ನನ್ನು "ಭಾವಮೈದುನರೇ" ಅಂತ ಕರೆದು ಗೋಳಾಡಿಸುತ್ತಿದ್ದ. ಕತ್ತಿ ಒರೆಯಲ್ಲೇ ಇರುತ್ತಿತ್ತು. ಗುಟ್ಟು ಗೊತ್ತಿದ್ದವರು ಸನ್ಯಾಸಿ ಮತ್ತು ಜೂಲಿಯೆಟ್‌ಳನ್ನು ಸಾಕಿದ ದಾದಿ. ಇಬ್ಬರೂ ಆಗ ಬೀದಿಯಲ್ಲಿರಲಿಲ್ಲ. ಬೀದಿಯಲ್ಲಿದ್ದವರಲ್ಲಿ ಗೊತ್ತಿದ್ದವನು ರೋಮಿಯೋ ಒಬ್ಬನೇ.

ನಮ್ಮವರು ಗೆಳೆತನದ ದುರಂತ ಅಂದಕೂಡಲೇ ಕರ್ಣನನ್ನು ನೆನೆಯುತ್ತಾರೆ. ಹೋಲಿಕೆ ಇಷ್ಟು ದೂರ ಮಾತ್ರ ನಡೆಯುತ್ತದೆ. ಕರ್ಣನಿಗೆ ಕೃಷ್ಣ ಎಲ್ಲ ಹೇಳಿಬಿಟ್ಟಿದ್ದ. ಎದುರಿಗಿರುವವರು ತಮ್ಮಂದಿರು ಅಂತ ಗೊತ್ತಿದ್ದೂ ಕೌರವನ ಉಪ್ಪು ತಿಂದ ಕಡೆಗೇ ನಿಂತ. ಗೊತ್ತಿದ್ದು ಆರಿಸಿಕೊಂಡ ಸಾವು ಅದು. ಮರ್ಕ್ಯೂಷಿಯೋಗೆ ಆರಿಸಿಕೊಳ್ಳುವ ಅವಕಾಶವೇ ಸಿಗಲಿಲ್ಲ. ಕರ್ಣನನ್ನು ಆಡಿದ ನಟ ಸಾಯುವಾಗ ದೊಡ್ಡವನಾಗಿ ಕಾಣಬೇಕು. ನೀವು ಸಾಯುವಾಗ ಗೊಂದಲದಲ್ಲಿರಬೇಕು. ಯಾಕೆ ಮಧ್ಯ ಬಂದೆ ಎಂಬ ಪ್ರಶ್ನೆಯನ್ನು ಬಯ್ಗುಳದ ಹಾಗೆ ಹೇಳಬೇಡಿ. ಅವನಿಗೆ ನಿಜವಾಗಿಯೂ ಉತ್ತರ ಬೇಕು.

ನಗಿಸುವ ಭಾಗವನ್ನು ಕಡಿಮೆ ಮಾಡಬೇಡಿ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಅಂಕದಲ್ಲಿ ಕನಸಿನ ರಾಣಿ ಮ್ಯಾಬ್ ಬಗ್ಗೆ ಸುಮಾರು ನಲವತ್ತು ಸಾಲಿನ ಆ ಮಾತಿದೆಯಲ್ಲ, ಅದು ಶುರುವಾಗುವುದು ರೋಮಿಯೋ ತನ್ನ ಕೆಟ್ಟ ಕನಸಿನ ಮಾತೆತ್ತಿದಾಗ. ಔತಣಕ್ಕೆ ಹೋಗಲು ಅವನಿಗೆ ಮನಸ್ಸಿಲ್ಲ. ಮರ್ಕ್ಯೂಷಿಯೋ ಆ ಕನಸನ್ನು ನಗುವಿನಲ್ಲಿ ಹಾರಿಸುತ್ತಾನೆ. ಅಡಿಕೆಯಂಥ ಕಾಯಿಯ ಚಿಪ್ಪಿನ ರಥ, ಜೇಡರ ಬಲೆಯ ಲಗಾಮು ಅಂತ ಶುರುವಾದದ್ದು ಸೈನಿಕನ ಕತ್ತಿಗೆ, ಕತ್ತು ಕೊಯ್ಯುವ ಕನಸಿಗೆ ಹೋಗಿ ನಿಲ್ಲದೆ ಓಡುತ್ತದೆ. ಕೊನೆಗೆ ರೋಮಿಯೋನೇ ಸಾಕು ಸಾಕು ಅಂತ ತಡೆಯಬೇಕಾಗುತ್ತದೆ. ಮಾತು ಶುರುವಾದರೆ ಇವನಿಗೇ ನಿಲ್ಲಿಸಲು ಬರುವುದಿಲ್ಲ. ಸಿಟ್ಟೂ ಹಾಗೇ. ಮೂರನೇ ಅಂಕದಲ್ಲಿ ಅವನನ್ನು ತಡೆಯಲು ಬಂದ ಕೈ ಒಂದು ಕ್ಷಣ ತಡವಾಗಿ ಬಂತು. ಈ ಎರಡನ್ನೂ ಜೋಡಿಸಿ ಆಡಿದರೆ ಬೇರೆ ಸಿಟ್ಟು ತೋರಿಸುವ ಅಗತ್ಯವೇ ಬೀಳುವುದಿಲ್ಲ.

ಈ ಪಾತ್ರಕ್ಕೆ ಎಷ್ಟು ತೂಕ ಇದೆ ಅಂದರೆ 1935ರಲ್ಲಿ ಲಂಡನ್ನಿನಲ್ಲಿ ಹೆಸರಾಂತ ನಟರಾದ ಜಾನ್ ಗಿಲ್ಗುಡ್ ಮತ್ತು ಲಾರೆನ್ಸ್ ಒಲಿವಿಯರ್ ಒಂದೇ ಪ್ರಯೋಗದಲ್ಲಿ ರೋಮಿಯೋ ಮತ್ತು ಮರ್ಕ್ಯೂಷಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದರು. ಮೂರನೇ ಅಂಕದಲ್ಲಿ ಇವನನ್ನು ಕೊಲ್ಲದಿದ್ದರೆ ಇವನೇ ನನ್ನನ್ನು ಕೊಲ್ಲುತ್ತಿದ್ದ ಅಂತ ಶೇಕ್ಸ್‌ಪಿಯರ್ ಹೇಳಿದ್ದನಂತೆ ಎಂಬ ಮಾತನ್ನು 1672ರಲ್ಲಿ ಕವಿ ಡ್ರೈಡನ್ ಬರೆದಿಟ್ಟಿದ್ದಾನೆ. ನನಗೇನೂ ಅಷ್ಟು ಅಪಾಯದವನು ಅನ್ನಿಸಲಿಲ್ಲ, ಹಾಸಿಗೆಯಲ್ಲೇ ಸಾಯಬಹುದಿತ್ತು ಅಂತ ಅವನೇ ಕುಟುಕಿಯೂ ಇದ್ದಾನೆ. ನನಗೆ ಡ್ರೈಡನ್ ಮಾತು ಒಪ್ಪಿಗೆ ಇಲ್ಲ. ಹಾಸಿಗೆಯಲ್ಲಿ ಸಾಯುವ ಮರ್ಕ್ಯೂಷಿಯೋ ಇದ್ದರೆ ರೋಮಿಯೋ ಗಡಿಪಾರಾಗುವುದಿಲ್ಲ, ನಾಟಕ ಮದುವೆ ಊಟದಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಈ ಕಥೆ 1889ರಲ್ಲೇ 'ರಾಮವರ್ಮ ಲೀಲಾವತಿ' ಎಂಬ ಹೆಸರಿನಲ್ಲಿ ಬಂದಾಗ ಕೊನೆಯಲ್ಲಿ ವಿಷ್ಣು ಬಂದು ಪ್ರೇಮಿಗಳನ್ನು ಬದುಕಿಸುತ್ತಾನೆ. ಆಗಿನ ಪ್ರೇಕ್ಷಕರಿಗೆ ದುಃಖದ ಕೊನೆ ಬೇಡವಾಗಿತ್ತು. ಪ್ರೇಮಿಗಳನ್ನು ಎಬ್ಬಿಸಲು ಒಬ್ಬ ದೇವರು ಸಿಕ್ಕ. ಗೆಳೆಯನನ್ನು ಎಬ್ಬಿಸುವ ಯೋಚನೆ ಸಾಮಾನ್ಯವಾಗಿ ಯಾರಿಗೂ ಬರುವುದಿಲ್ಲ.

ಶೇಕ್ಸ್‌ಪಿಯರ್‌ನ ವೆರೋನಾದಲ್ಲೂ ಅಷ್ಟೇ. ಕೊನೆಗೆ ಎರಡೂ ಮನೆಯವರು ರಾಜಿಯಾಗಿ ಪ್ರೇಮಿಗಳಿಗೆ ಚಿನ್ನದ ಪ್ರತಿಮೆ ಮಾಡಿಸುವ ಮಾತಾಡುತ್ತಾರೆ. ಮರ್ಕ್ಯೂಷಿಯೋ ಯಾರಿಗೂ ನೆನಪಿಲ್ಲ. ನನ್ನ ಬಂಧುಗಳಿಬ್ಬರನ್ನು ಕಳೆದುಕೊಂಡೆ ಅಂತ ಪ್ರಭು ಹೇಳುವಾಗಲೂ ಹೆಸರು ಹಿಡಿಯುವುದಿಲ್ಲ. ಹೆಸರು ಬರುವುದು ಅದಕ್ಕೆ ಸ್ವಲ್ಪ ಮೊದಲು, ಸಮಾಧಿಯ ಬಾಗಿಲಲ್ಲಿ. ಕತ್ತಲಲ್ಲಿ ತಾನು ಕೊಂದವನ ಮುಖದ ಹತ್ತಿರ ದೀಪ ಹಿಡಿದು ರೋಮಿಯೋ ನೋಡುತ್ತಾನೆ. ಪ್ಯಾರಿಸ್! ಆಗ ಅವನ ಬಾಯಿಗೆ ಮೊದಲು ಬರುವುದು "ಮರ್ಕ್ಯೂಷಿಯೋನ ಬಂಧು" ಎಂಬ ಮಾತು. ಬಹಳ ತಂಡಗಳು ಈ ಸಾಲನ್ನು ಕತ್ತರಿಸುತ್ತವೆ. ನಿಮ್ಮ ನಿರ್ದೇಶಕರನ್ನು ಕೇಳಿ ಉಳಿಸಿಕೊಳ್ಳಿ. ನಿಮ್ಮ ರೋಮಿಯೋಗೂ ಹೇಳಿ, ಆ ಹೆಸರಿನ ಮೇಲೆ ಅರೆಕ್ಷಣ ನಿಲ್ಲಲಿ. ನೀವು ಆ ಹೊತ್ತಿಗೆ ಮೇಕಪ್ ಒರೆಸಿಕೊಂಡು ಸೈಡ್ ವಿಂಗ್‌ನಲ್ಲಿ ಟೀ ಕುಡಿಯುತ್ತಿರುತ್ತೀರಿ. ಲೋಟ ಕೆಳಗಿಟ್ಟು ಕೇಳಿಸಿಕೊಳ್ಳಿ.